ಮಾಂಸ ಬಿಟ್ಟೆ ಎಂದವನು

ಮಾರ್ಚ್ ೪, ಸೋಮವಾರ

ಥೂ. ಈ ಜಾಗದ ಬಗ್ಗೆ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯುತ್ತಿಲ್ಲ.

ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು ನಾನು. ನನ್ನ ಅಕ್ಷರ ನೋಡಿ ಇನ್‌ಸ್ಪೆಕ್ಟರೇ ಬೆನ್ನು ತಟ್ಟಿದ್ದರು. ಅಂಥವನಿಗೆ ಈ ಆಸ್ಪತ್ರೆಯವರು ಗೆರೆ ಹೊಡೆದ ಒಂದು ಪುಸ್ತಕ ಕೊಟ್ಟು, ಎಷ್ಟು ಗಂಟೆಗೆ ಏನು ತಿಂದೆ, ಎಷ್ಟು ಗಂಟೆಗೆ ಎಲ್ಲಿ ತುರಿಸಿತು ಎಂದು ಬರೆಯಲು ಹೇಳಿದ್ದಾರೆ. ಅದರಲ್ಲಿ ಮನುಷ್ಯನ ಅಭಿಪ್ರಾಯಕ್ಕೆ ಒಂದು ಅಂಗುಲ ಜಾಗವಿಲ್ಲ. ಅದಕ್ಕೇ ಸೊಸೆಯಿಂದ ಈ ನೋಟ್‌ಬುಕ್ ತರಿಸಿಕೊಂಡೆ. ಅದು ಅವರಿಗೆ, ಇದು ನನಗೆ.

ನಾನು ಕುರಿಗಳ ತುಪ್ಪಟ ಕತ್ತರಿಸುವವನು. ದಿನಕ್ಕೆ ಎಪ್ಪತ್ತು ಕುರಿ, ಒಂದರ ಮೈಗೂ ಗೀರು ಬೀಳುವುದಿಲ್ಲ. ಊರಿಗೆಲ್ಲ ಕತ್ತರಿ ಮಾವ. ಹುಟ್ಟಿದಾಗ ಇಟ್ಟ ಹೆಸರು ನನಗೇ ಆಗಾಗ ಮರೆತುಹೋಗುತ್ತದೆ. ಇಂಥ ನಾನು ಎರಡು ತಿಂಗಳಲ್ಲಿ ಮೂರು ಸಲ ಉಬ್ಬಿದ್ದೇನೆ. ಮೊದಲು ಅಂಗೈ ತುರಿಕೆ, ಆಮೇಲೆ ಮೈತುಂಬ ದದ್ದು, ಆಮೇಲೆ ತುಟಿ, ಕೊನೆಗೆ ಉಸಿರು. ಮೂರನೆಯ ಸಲ ಸೊಸೆ ಆಟೋದಲ್ಲಿ ಹಾಕಿಕೊಂಡು ಬಂದಾಗ ನನ್ನ ಮುಖ ಕುಂಬಳಕಾಯಿಯಾಗಿತ್ತಂತೆ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ, ಕಾರಣ ಸಿಗುವವರೆಗೆ ಇಲ್ಲೇ ಇರಲಿ ಎಂದು ಡಾಕ್ಟರು ಮಲಗಿಸಿಕೊಂಡಿದ್ದಾರೆ.

ಹನ್ನೆರಡು ಮಂಚದ ವಾರ್ಡು. ದಿಂಬಿಗೆ ರಬ್ಬರ್ ಹೊದಿಕೆ, ಕಿವಿ ಅಂಟಿಕೊಳ್ಳುತ್ತದೆ. ಚಹಾ ಎಂದು ಕೊಡುವುದು ಪಾತ್ರೆ ತೊಳೆದ ನೀರು. ಫಿನಾಯಿಲ್, ಮುಲಾಮು, ಬೇಯಿಸಿದ ಎಲೆಕೋಸು, ಮೂರೂ ಸೇರಿ ಒಂದು ವಾಸನೆ. ಕುರಿ ಕೊಟ್ಟಿಗೆ ಇದಕ್ಕಿಂತ ಎಷ್ಟೋ ವಾಸಿ.

ಬೆಳಿಗ್ಗೆ ಇಬ್ಬರು ನರ್ಸುಗಳು ನನ್ನನ್ನು ತಪಾಸಣೆ ಮಾಡಿದರು. ಒಬ್ಬರು ವಾರ್ಡಿನ ಯಜಮಾನಿ, ದೊಡ್ಡ ಸಿಸ್ಟರ್. ಇನ್ನೊಬ್ಬಳು ಮಂಚದಷ್ಟೇ ಎತ್ತರ, ಕುಳ್ಳಿ ಸಿಸ್ಟರ್. ಈ ಕುಳ್ಳಿ ನನ್ನ ಸೊಂಟದ ಮಡಿಕೆಯಲ್ಲಿ ಬೆರಳಿಟ್ಟು, "ಇದೇನು ಅಂಕಲ್?" ಎಂದಳು.

"ಹುಟ್ಟು ಮಚ್ಚೆ."

"ನಿಮ್ಮ ಮಚ್ಚೆಗೆ ಕಾಲಿದೆ ಅಂಕಲ್."

ಉಣ್ಣಿ. ನನ್ನ ಮೈಮೇಲೆ. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಉಣ್ಣಿಗಳನ್ನು ಕುರಿಗಳಿಂದ ಕಿತ್ತು ಹೆಬ್ಬೆರಳ ಉಗುರಲ್ಲಿ ಚಟ್ಟೆನ್ನಿಸಿದ್ದೇನೋ ಲೆಕ್ಕವಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಸಣ್ಣ ಇಕ್ಕಳದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ಎಳೆದು ಸೀಸೆಗೆ ಹಾಕಿದಳು. "ಕೊಡಮ್ಮ ಇಲ್ಲಿ, ಅದನ್ನ ಹೇಗೆ ಮುಗಿಸೋದು ಅಂತ ತೋರಿಸ್ತೀನಿ" ಎಂದೆ. "ಚಚ್ಚಬಾರದು. ಅದರ ಹೊಟ್ಟೇಲಿರೋದೆಲ್ಲ ನಿಮ್ಮ ಕೈಗೆ ಬರುತ್ತೆ" ಎಂದಳು. ನನಗೆ ಪಾಠ.

ಆಮೇಲೆ ದೊಡ್ಡ ಸಿಸ್ಟರ್ ಕೇಳಿದರು: "ಮಾಂಸ ತಿಂತೀರಾ ಯಜಮಾನ್ರೇ?"

ಸೊಸೆ ಪಕ್ಕದಲ್ಲೇ ನಿಂತಿದ್ದಳು. ಇವಳು ನನ್ನ ಅಕ್ಕನ ಮಗಳು. ಅಕ್ಕ ಹೋದ ಮೇಲೆ ಒಂಬತ್ತು ವರ್ಷದ ಇವಳನ್ನು ಸಾಕಿದವನು ನಾನೇ. ಈಗ ಕೆಲಸವಿಲ್ಲದ ತಿಂಗಳುಗಳಲ್ಲಿ ನನ್ನನ್ನು ಸಾಕುವವಳು ಇವಳು. ಜನವರಿಯಲ್ಲಿ ನನ್ನ ರಕ್ತದಲ್ಲಿ ಕೊಬ್ಬು ಜಾಸ್ತಿ ಎಂದು ಯಾರೋ ಹೇಳಿದ್ದಕ್ಕೆ ಅತ್ತಿದ್ದಳು. ಆಗ ಅವಳ ತಲೆ ಮೇಲೆ ಕೈಯಿಟ್ಟು, ಎದೆ ತಟ್ಟಿಕೊಂಡು, ಈ ಗಳಿಗೆಯಿಂದ ಮಾಂಸ ಬಿಟ್ಟೆ ಎಂದಿದ್ದೆ.

"ಬಿಟ್ಟೆ. ಜನವರಿಯಿಂದ ಒಂದು ತುಂಡೂ ಇಲ್ಲ" ಎಂದೆ.

"ಒಂದೇ ದಿನಕ್ಕೆ ಬಿಟ್ರು ಸಿಸ್ಟರ್. ನಮ್ಮ ಮಾವನ್ನ ನೋಡಿ ನಮ್ಮ ಮನೆಯವ್ರೂ ಬಿಟ್ರು" ಎಂದಳು ಸೊಸೆ.

ದೊಡ್ಡ ಸಿಸ್ಟರ್ ತಮ್ಮ ಹಾಳೆಯಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದುಬಿಟ್ಟರು.

ನಾನು ಬಿಟ್ಟದ್ದು ಅವಳ ಮನೆಯೊಳಗೆ ಮಾತ್ರ. ಹೊರಗೆ ನನ್ನ ಬಾಯಿ ನನ್ನದು. ಪಾಪ, ಅವಳ ಗಂಡ ನಿಜವಾಗಿಯೂ ಬಿಟ್ಟು ಸೊರಗಿ ಹಂಚಿಕಡ್ಡಿಯಾಗಿದ್ದಾನೆ. ಎದುರಿಗೆ ಕೂತು ಸೊಪ್ಪು ಜಗಿಯುವಾಗ ಅವನು ನನ್ನನ್ನು ನೋಡುವ ನೋಟ ನೆನೆದರೆ ಈಗಲೂ ನಗು ಬರುತ್ತದೆ.

ಮಾರ್ಚ್ ೫, ಮಂಗಳವಾರ

ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಅವರ ಚರ್ಮ ಅವರ ಮಾತು ಕೇಳುವುದಿಲ್ಲ. ನೀರುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ ಚರ್ಮ ಜಾರುತ್ತದೆ. ಅಂಟುರೋಗವಲ್ಲವಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಲೆಕೆಟ್ಟು ಸ್ವಂತ ಚರ್ಮವನ್ನು ಕಳ್ಳನೆಂದು ಬಡಿಯುತ್ತಿದೆಯಂತೆ. ಅದನ್ನು ಮಲಗಿಸಲು ಔಷಧಿ ಕೊಟ್ಟಿದ್ದಾರೆ. ಕಾವಲುಗಾರ ಮಲಗಿದ ಮೇಲೆ ಬೀದಿಯ ಕೊಳೆಯೆಲ್ಲ ಒಳಗೆ ನುಗ್ಗಬಹುದು, ಅದಕ್ಕೇ ಆ ಮಂಚದ ಹತ್ತಿರ ಹೋಗುವವರೆಲ್ಲ ಕೈ ತೊಳೆಯಬೇಕು. ಇಷ್ಟನ್ನೂ ಕುಳ್ಳಿ ಸಿಸ್ಟರ್ ನನಗೆ ಕೇಳದೆಯೇ ಹೇಳಿದಳು.

ಬೆಳಿಗ್ಗೆ ಏಳಕ್ಕೆ ಅವಳು ಅವರ ಪಟ್ಟಿ ಬಿಚ್ಚುತ್ತಾಳೆ. ಮೊದಲು ಉಪ್ಪುನೀರು ಹನಿಸಿ ಹನಿಸಿ ಹಳೆಯ ಬಟ್ಟೆ ನೆನೆಸುತ್ತಾಳೆ. ಕಾಲು ಗಂಟೆ ಕಾಯುತ್ತಾಳೆ. ತಾನಾಗಿ ಸಡಿಲವಾದ ಮೇಲೆ ತುದಿ ಎತ್ತುತ್ತಾಳೆ. ಆಮೇಲೆ ಜಿಡ್ಡು ಹಚ್ಚಿದ ಜಾಲರಿ ಬಟ್ಟೆ ಹೊದಿಸುತ್ತಾಳೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಒಂದು ಸಲ ನೋಡಿದೆ. ಒಂದೇ ಸಲ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದೆ. ಹಾಲು ಮುಟ್ಟಲಾಗಲಿಲ್ಲ.

"ಏನಪ್ಪಾ ಕತ್ತರಿ ಮಾವ, ಗೋಡೇಲಿ ಏನಾದ್ರೂ ಬರೆದಿದ್ಯಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬೆಳಿಗ್ಗೆಯಿಂದ ಮೋಡ ಇದೆಯಲ್ಲಪ್ಪ."

ದೊಡ್ಡ ಸಿಸ್ಟರ್ ಹತ್ತಿರ ಹೋಗಿ ಮಂಚ ಬದಲಿಸಿ ಎಂದೆ. "ಹೊರಗೆ ಚಪ್ಪಲಿ ಬಿಡೋ ಜಾಗದಲ್ಲಿ ಬೆಂಚು ಖಾಲಿ ಇದೆ, ನಡೀತದಾ?" ಎಂದರು. ಹೆಂಗಸರ ನಾಲಿಗೆಗೆ ಸಂಬಳ ಬೇರೆ ಕೊಡುತ್ತಾರೇನೋ.

ಮಾರ್ಚ್ ೬, ಬುಧವಾರ

ಅವರ ಪುಸ್ತಕದಲ್ಲಿ ಬರೆದದ್ದು: ಗಂಜಿ, ಹಾಲು, ಬ್ರೆಡ್ಡು, ಗಂಜಿ. ತುರಿಕೆ ಇಲ್ಲ. ಕೆಳಗೆ ಸಹಿ.

ಗಂಜಿ ಎಂದರೆ ಗೋಡೆಗೆ ಪೋಸ್ಟರ್ ಅಂಟಿಸುವ ಸರಕು. ಆಸ್ಪತ್ರೆಯ ಹಿಂದಿನ ಗೇಟಿನಾಚೆ ಒಂದು ಮಾಂಸದ ಹೋಟೆಲಿದೆ. ಇವತ್ತು ಗಾಳಿ ಈ ಕಡೆಗೇ ಬೀಸುತ್ತಿತ್ತು.

ಮಾರ್ಚ್ ೯, ಶನಿವಾರ

ಬದುಕಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ, ಕುಳ್ಳಿ ಮೇಷ್ಟ್ರ ಹಾಸಿಗೆಯ ಸುಕ್ಕು ತೆಗೆಯುತ್ತಿದ್ದಾಗ, ಹಿಂದಿನ ಗೇಟಿನಿಂದ ಜಾರಿದೆ. ಹೋಟೆಲಿನಲ್ಲಿ ಎರಡು ತಟ್ಟೆ ಕುರಿ ಮಾಂಸ ಹೊಡೆದೆ. ಎಲುಬು ಸಹ ಬಿಡಲಿಲ್ಲ. ಹತ್ತೂವರೆಗೆ ಬಂದು, ಪುಸ್ತಕದಲ್ಲಿ ಗಂಜಿ ಎಂದು ಬರೆದು, ಮಗುವಿನ ಹಾಗೆ ಮಲಗಿದೆ. ಹನ್ನೆರಡಾಯಿತು, ಒಂದಾಯಿತು, ಮೈಮೇಲೆ ಒಂದು ದದ್ದಿಲ್ಲ. ನೋಡಿದೆಯಾ, ನನ್ನ ಹೊಟ್ಟೆಗೆ ಕಲ್ಲು ಹಾಕಿದರೂ ಕರಗುತ್ತದೆ ಎಂದುಕೊಂಡೆ.

ಉಣ್ಣಿ ಕಚ್ಚಿದ ಜಾಗ ಕೀವಾಗಿತ್ತು, ಅದಕ್ಕೆ ಇಂಜೆಕ್ಷನ್ ಶುರುಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಎರಡು ಗಂಟೆಗೆ ಕುಳ್ಳಿ ಬಂದು ಮುಂಗೈ ಚರ್ಮದೊಳಗೆ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಿಂದ ನೀಲಿ ಸುತ್ತು ಹಾಕಿದಳು. "ಇಪ್ಪತ್ತು ನಿಮಿಷ ನೋಡೋಣ ಅಂಕಲ್. ಒಗ್ಗದಿದ್ರೆ ಇಲ್ಲಿ ಕೆಂಪಾಗಿ ಉಬ್ಬುತ್ತೆ." ಉಬ್ಬಲಿಲ್ಲ. ಎರಡೂವರೆಗೆ ಇಂಜೆಕ್ಷನ್ ಕೊಟ್ಟಳು. ಅಷ್ಟರಲ್ಲಿ ಮೇಷ್ಟ್ರ ಬೆನ್ನಿನಿಂದ ರಕ್ತ ಬರುತ್ತಿದೆ ಎಂದು ಯಾರೋ ಕರೆದರು, ಓಡಿದಳು.

ಎರಡು ಐವತ್ತಕ್ಕೆ ಅಂಗೈ ತುರಿಸಿತು.

ಆಮೇಲಿನದು ತುಂಡು ತುಂಡು ನೆನಪು. ತುಟಿ ಬೇರೆಯವರದ್ದಾಯಿತು. ಯಾರೋ ಎದೆಯ ಮೇಲೆ ಮೂಟೆ ಇಟ್ಟ ಹಾಗೆ. ಕುಳ್ಳಿ ಎಲ್ಲಿಂದ ಬಂದಳೋ, ನನ್ನನ್ನು ಅಂಗಾತ ಕೆಡವಿ, ಕಾಲ ಕೆಳಗೆ ದಿಂಬು ತುರುಕಿ, ಪಂಚೆಯ ಮೇಲಿಂದಲೇ ತೊಡೆಗೆ ಅಡ್ರಿನಲಿನ್ ಹೊಡೆದಳು. "ಎದ್ದು ಕೂತ್ಕೋಬೇಡಿ, ಎದ್ರೆ ಹೋಗ್ತೀರಿ" ಎಂದಳು. ಇಷ್ಟು ಚಿಕ್ಕ ಹುಡುಗಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಐದು ನಿಮಿಷಕ್ಕೆ ಇನ್ನೊಂದು. ಆಮ್ಲಜನಕದ ಮುಖವಾಡದಲ್ಲಿ ಹಳೆಯ ಬಲೂನಿನ ವಾಸನೆ.

ಸಂಜೆ ಎಲ್ಲರೂ ಒಂದೇ ಮಾತು: ಇಂಜೆಕ್ಷನ್ ಒಗ್ಗಿಲ್ಲ.

ಹೌದು, ಮತ್ತಿನ್ನೇನು. ಇಂಜೆಕ್ಷನ್ನೇ. ತಿಂದು ಐದು ಗಂಟೆಯಾದ ಮೇಲೆ ಯಾವ ಊಟ ತಾನೇ ತೊಂದರೆ ಕೊಡುತ್ತದೆ.

ಮುಂಗೈಯ ನೀಲಿ ಸುತ್ತು ಅಂಟಂಟು ಅನ್ನಿಸಿತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಉಜ್ಜಿ ತೆಗೆದೆ.

ಮಾರ್ಚ್ ೧೦, ಭಾನುವಾರ

ಸೊಸೆ ದೂರು ಕೊಟ್ಟಿದ್ದಾಳೆ. ಎರಡು ಪುಟ. ನನಗೆ ಓದಿ ತೋರಿಸಿದಳು. "ನನ್ನನ್ನು ತಂದೆಯಂತೆ ಸಾಕಿದ, ಒಂದು ದಿನವೂ ಸುಳ್ಳಾಡದ ನನ್ನ ಸೋದರಮಾವ" ಎಂದು ಶುರುವಾಗುತ್ತದೆ. ಕೇಳುತ್ತಾ ಕೂತಿದ್ದೆ.

ದೊಡ್ಡ ಡಾಕ್ಟರು ಮಂಚದ ಹತ್ತಿರ ಬಂದರು. ಜೊತೆಗೆ ದೊಡ್ಡ ಸಿಸ್ಟರ್. ಕುಳ್ಳಿ ಬಾಗಿಲ ಬಳಿ, ಕೈ ಕಟ್ಟಿಕೊಂಡು. ಚರ್ಮದ ಪರೀಕ್ಷೆ ಮಾಡಿದ್ದನ್ನು ಅವಳು ಪುಸ್ತಕದಲ್ಲಿ ಬರೆದದ್ದು ಎಲ್ಲ ಮುಗಿದ ಮೇಲಂತೆ. ಮಾಡದೆಯೇ ಬರೆದಿದ್ದಾಳೆ ಎಂಬುದು ಅವರ ಅನುಮಾನ.

"ಇಂಜೆಕ್ಷನ್‌ಗೆ ಮುಂಚೆ ಕೈಗೆ ಚುಚ್ಚಿ ಪರೀಕ್ಷೆ ಮಾಡಿದ್ರಾ ಇವರು?" ಎಂದು ಕೇಳಿದರು.

ಹೌದು ಎಂದರೆ, ಹಾಗಾದರೆ ಬೇರೆ ಏನಾಯಿತು ಎಂದು ಹುಡುಕುತ್ತಾರೆ. ಹುಡುಕಿದರೆ ಗೇಟು, ಗೇಟಿನಾಚೆ ಹೋಟೆಲು. ಸೊಸೆ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

"ಕಣ್ಣು ಮುಚ್ಚಿದ್ದೆ ಸಾರ್. ಗೊತ್ತಾಗ್ಲಿಲ್ಲ" ಎಂದೆ.

ಕುಳ್ಳಿ ನನ್ನ ಮುಂಗೈ ಕಡೆ ಒಂದು ಸಲ ನೋಡಿದಳು, ಅಷ್ಟೇ. ಉಜ್ಜಿದ ಜಾಗ ಕೆಂಪಗಿತ್ತು.

ಹದಿನೆಂಟನೆಯ ತಾರೀಖು ಸೋಮವಾರ ವಿಚಾರಣೆ. ಕೆಲಸ ಹೋಗಬಹುದು ಎನ್ನುತ್ತಾರೆ. ಅಲ್ಲಿಯವರೆಗೆ ರೋಗಿಗಳನ್ನು ಮುಟ್ಟುವಂತಿಲ್ಲ, ಕೆಳಗಿನ ಬಟ್ಟೆ ಕೋಣೆಯಲ್ಲಿ ಚಾದರ ಮಡಿಸಬೇಕು.

ಅವಳು ಇನ್ನೂ ಚಿಕ್ಕವಳು, ಬೇರೆ ಕಡೆ ಕೆಲಸ ಸಿಗುತ್ತದೆ. ನನಗೇನು, ನಾನು ರೋಗಿ.

ಮಾರ್ಚ್ ೧೨, ಮಂಗಳವಾರ

ಹೊಸಬಳು ಬಂದಿದ್ದಾಳೆ. ಕೈಯಲ್ಲಿ ಗಡಿಯಾರ, ಕಣ್ಣು ಗಡಿಯಾರದ ಮೇಲೆ. ಏಳಕ್ಕೆ ಮೇಷ್ಟ್ರ ಪಟ್ಟಿಯನ್ನು ಒಣಗಿದ್ದ ಹಾಗೇ ಎಳೆದಳು. ಚರ್ರೆಂದು ಸದ್ದು ಬಂತು. ಬಟ್ಟೆಯ ಜೊತೆ ಚರ್ಮವೂ ಬಂತು. ಮೇಷ್ಟ್ರು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. ಮಂಚದ ಸರಳು ಹಿಡಿದುಕೊಂಡು, "ನಿಧಾನ ಮಾಡಮ್ಮ, ನಿಧಾನ" ಎಂದಷ್ಟೇ ಎಂದರು.

"ಇನ್ನೂ ಹನ್ನೊಂದು ಜನ ಇದ್ದಾರೆ ಅಜ್ಜ."

ನಾನು ಗೋಡೆ ಕಡೆ ತಿರುಗಿದೆ. ಮತ್ತೊಮ್ಮೆ ಚರ್ರೆಂದಿತು.

ಎದ್ದೆ. ಕೈ ತೊಳೆದೆ, ಮೊಣಕೈವರೆಗೆ. ಹೋಗಿ ಅವಳ ಟ್ರೇಯಿಂದ ಉಪ್ಪುನೀರಿನ ಸೀಸೆ ತೆಗೆದುಕೊಂಡು, "ಪಕ್ಕಕ್ಕೆ ಸರಿ. ಇದನ್ನ ನೆನೆಸ್ಬೇಕು. ಕಾಲು ಗಂಟೆ" ಎಂದೆ. ಪೇಷಂಟು ಹಾಗೆಲ್ಲ ಮುಟ್ಟುವಂತಿಲ್ಲ ಎಂದಳು. "ನಾನು ದಿನಕ್ಕೆ ಎಪ್ಪತ್ತು ಚರ್ಮ ನೋಡಿಕೊಳ್ಳೋನು. ಒಂದಕ್ಕೂ ಗೀರಿಲ್ಲ. ನೀನು ಉಳಿದ ಹನ್ನೊಂದು ಜನರನ್ನ ನೋಡು ಹೋಗು" ಎಂದೆ. ಅವಳಿಗೂ ಅದೇ ಬೇಕಾಗಿತ್ತು, ಹೋದಳು.

ಹನಿಸುತ್ತಾ ಕೂತೆ. ಹಳದಿ ನೀರು, ರಕ್ತ, ಮುಲಾಮು ಎಲ್ಲ ಕಲಸಿ ನನ್ನ ಬೆರಳ ಸಂದಿಗೆ ಇಳಿಯಿತು. ವಾಸನೆ ಅದೇ. ಅಸಹ್ಯ ಅದೇ. ಆ ಕುಳ್ಳಿ ಸಿಸ್ಟರ್ ಇದನ್ನು ದಿನಾ ಹೇಗೆ ಮಾಡುತ್ತಿದ್ದರೋ. ಬಟ್ಟೆ ತಾನಾಗಿ ಸಡಿಲವಾದಾಗ ಮೇಷ್ಟ್ರು, "ಕುರಿಗೂ ಇಷ್ಟು ಪುರುಸೊತ್ತು ಕೊಡ್ತೀಯೇನಯ್ಯಾ?" ಎಂದರು.

"ಕುರಿ ಇಷ್ಟೊಂದು ಮಾತಾಡಲ್ಲ ಮೇಷ್ಟ್ರೇ."

ಮಧ್ಯಾಹ್ನ ಊಟ ಸೇರಿತು. ಯಾಕೆಂದು ಗೊತ್ತಿಲ್ಲ.

ಮಾರ್ಚ್ ೧೩, ಬುಧವಾರ

ಬೆಳಿಗ್ಗೆ ಪಟ್ಟಿ ನೆನೆಸುತ್ತಿದ್ದಾಗ ಮೇಷ್ಟ್ರ ಮೈ ಬಿಸಿಯಾಗಿತ್ತು. ನಿನ್ನೆ ಕಿತ್ತ ಜಾಗಗಳಲ್ಲಿ ಕೀವು. ಅವರೇ ಮಾತು ಎತ್ತಿದರು.

"ಶುಕ್ರವಾರ ಹತ್ತೂವರೆಗೆ ಬಂದೆಯಲ್ಲ, ನಿನ್ನ ಮೀಸೇಲಿ ಮಾಂಸದ ವಾಸನೆ ಇತ್ತು."

ನನ್ನ ಕೈ ನಿಂತಿತು.

"ನಾನು ಯಾರಿಗೂ ಹೇಳಿಲ್ಲಪ್ಪ. ಮೂವತ್ತೈದು ವರ್ಷ ಪಾಠ ಮಾಡ್ದೆ, ಯಾವತ್ತೂ ಚಾಡಿ ಕೇಳ್ದವನಲ್ಲ, ಹೇಳ್ದವನೂ ಅಲ್ಲ. ಆದರೆ ಒಂದು ಕೇಳ್ತೀನಿ, ನಿಜ ಹೇಳು. ಇದಕ್ಕೆ ಮುಂಚೆ ಮೂರು ಸಲ ಉಬ್ಬಿದೆ ಅಂದೆಯಲ್ಲ. ಆಗೆಲ್ಲ ಯಾರು ಇಂಜೆಕ್ಷನ್ ಕೊಟ್ಟಿದ್ರು?"

ಯಾರೂ ಕೊಟ್ಟಿರಲಿಲ್ಲ.

ನನ್ನ ಮಂಚಕ್ಕೆ ಬಂದು ಬರೆದು ನೋಡಿದೆ. ಜನವರಿ ಕೊನೆ: ದೊಡ್ಡ ಹಿಂಡಿನ ಕೆಲಸ ಮುಗಿದ ದಿನ, ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕುರಿ ಕಡಿದರು, ಸಂಜೆ ಆರಕ್ಕೆ ಉಬ್ಬಿದೆ. ಫೆಬ್ರವರಿ: ಕತ್ತರಿ ಸಾಣೆ ಹಿಡಿಸಲು ಹೋದಾಗ ಮಾರುಕಟ್ಟೆಯಲ್ಲಿ ಹನ್ನೊಂದಕ್ಕೆ ಹುರಿದ ಮಾಂಸ, ನಾಲ್ಕೂವರೆಗೆ ದದ್ದು. ಮೂರನೆಯದು, ಸೊಸೆ ಆಟೋದಲ್ಲಿ ತಂದ ದಿನ: ಬೆಳಿಗ್ಗೆ ವಾಕಿಂಗ್ ಎಂದು ಹೇಳಿ ಹೋಗಿದ್ದೆ. ವಾಕಿಂಗ್ ಮಾಡಿರಲಿಲ್ಲ. ಮಧ್ಯಾಹ್ನಕ್ಕೆ ಉಬ್ಬಿದೆ.

ನಾಲ್ಕು ಸಲವೂ ಐದಾರು ಗಂಟೆ. ನಾಲ್ಕು ಸಲವೂ ಕುರಿ.

ಐವತ್ತೆಂಟು ವರ್ಷ ತಿಂದ ಮಾಂಸ ಈಗ ಯಾಕೆ ತಿರುಗಿಬಿತ್ತು. ನನಗೆ ಅರ್ಥವಾಗುವುದಿಲ್ಲ. ಆದರೆ ಆ ಹುಡುಗಿ ಚುಚ್ಚಿದ ಔಷಧಿಯಲ್ಲ. ಅಷ್ಟು ಅರ್ಥವಾಗುತ್ತದೆ. ಬಹುಶಃ ಶುಕ್ರವಾರವೇ ಅರ್ಥವಾಗಿತ್ತು. ಇಲ್ಲದಿದ್ದರೆ ಆ ನೀಲಿ ಸುತ್ತನ್ನು ಯಾಕೆ ಅಷ್ಟು ಉಜ್ಜಿದೆ.

ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಂಡದ್ದು ಮೇಷ್ಟ್ರ ಬೆನ್ನಿಗಿಂತ ಹೇಸಿಗೆ.

ನಾಲ್ಕು ಗಂಟೆಗೆ ಜ್ವರ ಏರಿ ಮೇಷ್ಟ್ರನ್ನು ಒಳಗಿನ ಕೋಣೆಗೆ ಸಾಗಿಸಿದರು. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ಖಾಲಿ ಮಂಚ ಪಕ್ಕದಲ್ಲಿದೆ. ಬದಲಿಸಿ ಎಂದು ಕೇಳಿದ್ದೆನಲ್ಲ, ಬದಲಿಸಿದಂತಾಯಿತು.

ಮಾರ್ಚ್ ೧೪, ಗುರುವಾರ

ಹೇಳಿದೆ. ದೊಡ್ಡ ಸಿಸ್ಟರ್ ಮೇಜಿನ ಮುಂದೆ ನಿಂತು, ಸೊಸೆಯ ಎದುರಿಗೇ, ಹೋಟೆಲು, ಎರಡು ತಟ್ಟೆ, ನೀಲಿ ಸುತ್ತು, ಸೋಪು, ಎಲ್ಲ ಹೇಳಿದೆ. ನನ್ನ ಜೀವನದಲ್ಲಿ ಇಷ್ಟು ಉದ್ದದ ನಿಜ ಒಂದೇ ಉಸಿರಿಗೆ ಹೇಳಿದ್ದಿಲ್ಲ.

ಸೊಸೆ ಕಣ್ಣು ಒರೆಸಿಕೊಂಡಳು. "ನೋಡಿ ಸಿಸ್ಟರ್, ನಮ್ಮ ಮಾವನ ಮನಸ್ಸು ಎಂಥದ್ದು ಅಂತ. ಆ ಹುಡುಗಿ ಕೆಲಸ ಹೋಗಬಾರದು ಅಂತ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ. ಮಾಂಸ ಮುಟ್ಟಲ್ಲ ಇವರು. ನನ್ನ ತಲೆ ಮೇಲೆ ಕೈಯಿಟ್ಟು ಬಿಟ್ಟವರು."

"ಮುಟ್ಟಿದೀನಿ ಕಣಮ್ಮ."

"ಸುಮ್ನಿರಿ ಮಾವ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಐವತ್ತೆಂಟು ವರ್ಷದ ನನ್ನ ಬೂಟಾಟಿಕೆಯನ್ನು ಈ ಹುಡುಗಿ ಒಂದಕ್ಷರ ಬಿಡದೆ ನಂಬಿದ್ದಾಳೆ.

ದೊಡ್ಡ ಸಿಸ್ಟರ್ ಪೆನ್ನು ಕೆಳಗಿಟ್ಟರು. "ಉಣ್ಣಿ ಕಚ್ಚಿದವರಲ್ಲಿ ಕೆಲವರಿಗೆ ಆಮೇಲೆ ಮಾಂಸ ಒಗ್ಗದೆ ಹೋಗೋದುಂಟು. ತಿಂದ ತಕ್ಷಣ ಅಲ್ಲ, ಗಂಟೆಗಟ್ಟಲೆ ಆದ್ಮೇಲೆ ಬರುತ್ತೆ. ಅದಕ್ಕೇ ಯಜಮಾನ್ರೇ ಮೊದಲನೇ ದಿನವೇ ನಾನು ಕೇಳಿದ್ದು. ನೀವು ಇಲ್ಲ ಅಂದ್ರಿ." ಗೆರೆಯ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. "ಶುಕ್ರವಾರ, ಹತ್ತೂವರೆ, ಗಂಜಿ. ಸಹಿ ನಿಮ್ಮದೇ. ದೊಡ್ಡ ಡಾಕ್ಟರಿಗೆ ಕಣ್ಣು ಮುಚ್ಚಿದ್ದೆ ಅಂದ್ರಿ. ಇವತ್ತು ಇನ್ನೊಂದು ಹೇಳ್ತಿದ್ದೀರಿ. ವಿಚಾರಣೆಯವರು ಯಾವುದನ್ನ ನಂಬಬೇಕು ಹೇಳಿ?"

ರಕ್ತ ಪರೀಕ್ಷೆ ಇದೆಯಂತೆ. ದೂರದ ಊರಿಗೆ ಕಳಿಸಬೇಕು, ಇಪ್ಪತ್ತು ದಿನ ಬೇಕು. ವಿಚಾರಣೆ ಸೋಮವಾರ. ಹೋಟೆಲಿನವನ ಬಳಿ ಒಬ್ಬರನ್ನು ಕಳಿಸಿ ಕೇಳಿಸಿದೆ. ದಿನಕ್ಕೆ ಇನ್ನೂರು ಜನ ಬರುತ್ತಾರೆ, ಯಾರ ಮುಖ ನೆನಪಿರುತ್ತದೆ ಎಂದನಂತೆ. ಮೀಸೆಯ ವಾಸನೆ ಬಲ್ಲ ಮೇಷ್ಟ್ರಿಗೆ ಜ್ವರದಲ್ಲಿ ತಮ್ಮ ಹೆಸರೇ ನೆನಪಿಲ್ಲ.

ಸಂಜೆ ಬಟ್ಟೆ ಕೋಣೆಗೆ ಇಳಿದು ಹೋದೆ. ಕುಳ್ಳಿ ಸಿಸ್ಟರ್ ಚಾದರ ಮಡಿಸುತ್ತಿದ್ದರು. ಮಾತು ಶುರುಮಾಡುವ ಮುಂಚೆಯೇ, "ಮೇಷ್ಟ್ರ ಬೆನ್ನು ಹೇಗಿದೆ?" ಎಂದರು. ಹೇಳಿದೆ. ಮಡಿಸುತ್ತಿದ್ದ ಚಾದರವನ್ನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸಿದರು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ ೧೫, ಶುಕ್ರವಾರ

೧೦.೦೫. ತಿಂದೆ. ಹೋಟೆಲಿನಲ್ಲಲ್ಲ. ಪೊಟ್ಟಣ ಕಟ್ಟಿಸಿ ತಂದು, ದೊಡ್ಡ ಸಿಸ್ಟರ್ ಮೇಜಿನ ಎದುರಿನ ಬೆಂಚಿನಲ್ಲಿ ಕೂತು, ಅವರು ತಲೆಯೆತ್ತುವಷ್ಟರಲ್ಲಿ ಐದು ತುಂಡು ನುಂಗಿದೆ. ಆರನೆಯದನ್ನು ಅವರು ಕಿತ್ತುಕೊಂಡರು. "ಗಡಿಯಾರ ನೋಡಿಕೊಳ್ಳಿ ಮೇಡಂ, ಇವತ್ತು ನನಗೆ ಯಾರೂ ಯಾವ ಇಂಜೆಕ್ಷನ್ನೂ ಕೊಡಬೇಡಿ" ಎಂದೆ. ಅವರು ನನ್ನನ್ನು ಕರೆದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ನಮ್ಮ ಕೊಟ್ಟಿಗೆಯವರೂ ಅಷ್ಟು ಚೆನ್ನಾಗಿ ಬಯ್ಯುವುದಿಲ್ಲ.

ಮಾಂಸ ಒದ್ದೆ ತುಪ್ಪಟದ ಹಾಗಿತ್ತು. ಜಗಿದಷ್ಟೂ ದೊಡ್ಡದಾಗುತ್ತಿತ್ತು.

೧೦.೪೦. ಡಾಕ್ಟರು ಬಂದು ಕೂಗಾಡಿ ಹೋದರು. ವಾಂತಿ ಮಾಡಿಸಿ ಪ್ರಯೋಜನವಿಲ್ಲವಂತೆ. ನರಕ್ಕೆ ಸೂಜಿಕೊಳವೆ ಮೊದಲೇ ಹಾಕಿಡಬೇಕಂತೆ. ಹೊಸಬಳು ಬಂದಳು. ಕೈ ಕೊಡುವುದಿಲ್ಲ ಎಂದೆ. ಬಟ್ಟೆ ಕೋಣೆಯವರು ಬಂದರೆ ಮಾತ್ರ. ದೊಡ್ಡ ಸಿಸ್ಟರ್ ಹಲ್ಲು ಕಚ್ಚಿ ಫೋನ್ ಮಾಡಿದರು.

೧೧.೧೦. ಬಂದಿದ್ದಾರೆ. ಒಂದೇ ಸಲಕ್ಕೆ ನರ ಸಿಕ್ಕಿತು. ಬಿಪಿ ನೋಡಿದರು, ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. ತಟ್ಟೆಯಲ್ಲಿ ಅಡ್ರಿನಲಿನ್ ತುಂಬಿದ ಎರಡು ಸಿರಿಂಜು.

"ನನಗೋಸ್ಕರ ಮಾಡಿದ್ರಾ ಇದನ್ನ?"

"ಹೂಂ."

"ಪ್ರಾಣ ಹೋದ್ರೆ ಅದೂ ನನ್ನ ಲೆಕ್ಕಕ್ಕೇ ಬರುತ್ತೆ, ಗೊತ್ತಾ? ನಿಮ್ಮಂಥ ಪೇಷಂಟ್ ನೋಡಿದ್ರೆ ಅಸಹ್ಯ ಆಗುತ್ತೆ ಅಂಕಲ್."

ಇದು ನನಗೆ ಹೊಳೆದಿರಲಿಲ್ಲ. ಸತ್ಯವಾಗಿಯೂ ಹೊಳೆದಿರಲಿಲ್ಲ.

೧೧.೩೦. ಸೊಸೆ ಊಟದ ಡಬ್ಬಿ ಹಿಡಿದು ಬಂದಳು. ಮೇಜಿನ ಮೇಲೆ ಪೊಟ್ಟಣ ಇನ್ನೂ ಇತ್ತು, ಸಾಕ್ಷಿಗೆಂದು ಇಟ್ಟಿದ್ದಾರೆ. ಅದನ್ನು ನೋಡಿದಳು, ನನ್ನ ಮೀಸೆ ನೋಡಿದಳು.

"ಜನವರಿಯಿಂದಲೂ?" ಎಂದು ಕೇಳಿದಳು.

"ಜನವರಿ ಎರಡನೇ ವಾರದಿಂದ. ಮೊದಲನೇ ವಾರ ನಿಜವಾಗ್ಲೂ ಬಿಟ್ಟಿದ್ದೆ."

ಡಬ್ಬಿ ಕೆಳಗಿಟ್ಟು ದೂರದ ಬೆಂಚಿಗೆ ಹೋಗಿ ಕೂತಳು. ಒಂಬತ್ತು ವರ್ಷದವಳಿದ್ದಾಗಲೂ ಸಿಟ್ಟು ಬಂದರೆ ಹೀಗೇ, ಅಳುವುದಿಲ್ಲ, ದೂರ ಹೋಗಿ ಕೂರುತ್ತಾಳೆ.

೧.೧೫. ಏನೂ ಇಲ್ಲ. ಸಿಸ್ಟರ್ ಕಾಲು ಗಂಟೆಗೊಮ್ಮೆ ನಾಡಿ ಹಿಡಿಯುತ್ತಾರೆ. ಅಂಗಿ ಎತ್ತಿ ಹೊಟ್ಟೆ ನೋಡುತ್ತಾರೆ. ಎಪ್ಪತ್ತು ಕುರಿಯ ಕಥೆ ಹೇಳೋಣ ಎಂದು ಬಾಯಿ ತೆರೆದೆ, ಮುಚ್ಚಿದೆ.

೨.೨೦. ಏನೂ ಇಲ್ಲ. ಹೆದರಿಕೆ ಶುರುವಾಗಿದೆ. ಬಾರದಿದ್ದರೆ ನಾನು ಬದುಕಿದೆ, ಇನ್ನು ಮೇಲೆ ಹಾಯಾಗಿ ತಿನ್ನಬಹುದು, ಮತ್ತು ಸೋಮವಾರ ಈ ಹುಡುಗಿಯ ಕೆಲಸ ಹೋಗುತ್ತದೆ. ಬಂದರೆ ಆಕೆ ಉಳಿದಳು. ಬರಲಿ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಹೇಳುವುದನ್ನು ಬರೆಯಲು ನಾಚಿಕೆ. ಆಕೆಯೂ ಗಡಿಯಾರ ನೋಡುತ್ತಿದ್ದಾರೆ. ನನ್ನ ಮುಖ ಮಾತ್ರ ನೋಡುವುದಿಲ್ಲ.

೨.೪೭. ಬಲಗೈ ಅಂಗೈ, ನಡುವೆ, ಇರುವೆ ಹರಿದಂ

ಮಾರ್ಚ್ ೧೬, ಶನಿವಾರ

ಬಲಗೈಗೆ ಕೊಳವೆಗಳು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಇನ್‌ಸ್ಪೆಕ್ಟರು ನೋಡಿದರೆ ತಟ್ಟಿದ ಬೆನ್ನನ್ನು ವಾಪಸ್ ಕೇಳುತ್ತಾರೆ. ಮೂರು ಅಡ್ರಿನಲಿನ್ ಬೇಕಾಯಿತಂತೆ. ಇನ್ನು ಮೇಲೆ ಕುರಿ, ದನ, ಹಂದಿ, ಯಾವುದೂ ಈ ಬಾಯಿಗೆ ಇಲ್ಲ. ಕತ್ತರಿ ಹಿಡಿಯುವುದಾದರೆ ಮೈಗೆಲ್ಲ ಬಟ್ಟೆ ಸುತ್ತಿಕೊಂಡು, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಹಿಡಿಯಬೇಕು. ಊರವರು ನಗುತ್ತಾರೆ. ನಗಲಿ.

ಸೊಸೆ ಬೆಳಿಗ್ಗೆ ಬಂದು ದೂರು ವಾಪಸ್ ಪಡೆದು, ಗಂಜಿ ಇಟ್ಟು ಹೋದಳು. ನನ್ನ ಜೊತೆ ಮಾತಿಲ್ಲ. ಮೇಷ್ಟ್ರಿಗೆ ಜ್ವರ ಇನ್ನೂ ಇಳಿದಿಲ್ಲ. ಏಳು ಗಂಟೆಗೆ ಕುಳ್ಳಿ ಸಿಸ್ಟರ್ ಉಪ್ಪುನೀರಿನ ಸೀಸೆ ಹಿಡಿದು ಒಳಗಿನ ಕೋಣೆಗೆ ಹೋದದ್ದನ್ನು ಕಂಡೆ.

ನಿನ್ನೆ ಬರೆಯುವುದು ನಿಂತ ಮೇಲೆ ಆದದ್ದು ಇಷ್ಟು. ಪೆನ್ನು ಬಿಟ್ಟು ಅಂಗೈ ಚಾಚಿ ಆಕೆಗೆ ತೋರಿಸಿದೆ. ಕೆಂಪಗಾಗಿತ್ತು. ಮಣಿಕಟ್ಟು ಹಿಡಿದುಕೊಂಡು ಆಕೆ ಮೊದಲ ಸಲ ನನ್ನ ಮುಖ ನೋಡಿದರು. ಅಷ್ಟರಲ್ಲಿ ಹೊಟ್ಟೆಯ ಮೇಲೂ ದದ್ದು ಎದ್ದು, ತುಟಿ ಭಾರವಾಗತೊಡಗಿತ್ತು. ಆಕೆ ಸಿರಿಂಜು ಎತ್ತಿಕೊಂಡು ದೊಡ್ಡ ಸಿಸ್ಟರ್ ಕಡೆ ತಿರುಗಿ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು:

"ಬರ್ಕೊಳ್ಳಿ ಮೇಡಂ. ಎರಡು ಐವತ್ತು. ಬೆಳಿಗ್ಗೆಯಿಂದ ಈ ಪೇಷಂಟ್‌ಗೆ ಯಾವ ಇಂಜೆಕ್ಷನ್ನೂ ಕೊಟ್ಟಿಲ್ಲ."

ಬರೆದುಕೊಂಡಿರಾ ಎಂದು ಎರಡು ಸಲ ಕೇಳಿದರು. ಬರೆದುಕೊಂಡೆ ಎಂದು ದೊಡ್ಡ ಸಿಸ್ಟರ್ ಹೇಳಿದ ಮೇಲೆಯೇ ನನ್ನ ತೊಡೆಗೆ ಸೂಜಿ ಚುಚ್ಚಿದರು.